ಮೂವತ್ತಕ್ಕೇ ಆಟ ಬಿಟ್ಟವರ ಪರವಾಗಿ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಸ್ಯಾಂಡಿ ಕೋಫ್ಯಾಕ್ಸ್ ಬಗ್ಗೆ ಓದಿದೆ. ಮೊಣಕೈ ನೋವು ಅಂತ ಮೂವತ್ತನೇ ವಯಸ್ಸಿಗೇ ಆಟ ಬಿಟ್ಟವನಿಗೆ ಇಷ್ಟು ಹೊಗಳಿಕೆ ಯಾಕೆ? ಟಾಮಿ ಜಾನ್ ಎಂಬ ಪಿಚರ್ 26 ಸೀಸನ್ ಆಡಿದರಂತೆ. ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದರು. ಗಟ್ಟಿತನ ಅಂದರೆ ಅದಲ್ಲವೇ?
- ಹಾಸನದ ಓದುಗರು

ಉತ್ತರ: ಪ್ರೀತಿಯ ಓದುಗರೇ, ದೀರ್ಘಕಾಲ ಆಡುವುದು ಸಣ್ಣ ಮಾತಲ್ಲ, ಒಪ್ಪಿದೆ. ಟಾಮಿ ಜಾನ್ ಅವರ ಛಲದ ಬಗ್ಗೆಯೂ ಎರಡು ಮಾತಿಲ್ಲ. ಆದರೆ 'ನೋವು ಅಂತ ಬಿಟ್ಟವನು' ಎಂದು ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದು ನನಗೆ ಸರಿ ಕಾಣಲಿಲ್ಲ. ಆ ನೋವು ಎಂಥದ್ದು ಅಂತ ಸ್ವಲ್ಪ ನೋಡೋಣ.

ಪಿಚರ್‌ಗೆ ನಮ್ಮ ಬೌಲರ್‌ಗಳಂತೆ ಓಡಿಬರುವ ಅವಕಾಶ ಇಲ್ಲ. ದಿಬ್ಬದ ಮೇಲೆ ನಿಂತಲ್ಲಿಂದಲೇ 60 ಅಡಿ 6 ಇಂಚು ದೂರಕ್ಕೆ ಎಸೆಯಬೇಕು. ಕ್ರಿಕೆಟ್‌ನಲ್ಲಿ ಬಗ್ಗಿದ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೇರ ಮಾಡಿದರೆ ತಪ್ಪು. ಪಿಚರ್ ಬದುಕುವುದೇ ಆ ಬಗ್ಗಿದ ಮೊಣಕೈಯಿಂದ. ಚಾಟಿ ಬೀಸಿದ ಹಾಗೆ ಬೀಸಬೇಕು. ಪ್ರತಿ ಎಸೆತದ ಭಾರವೂ ಆ ಒಂದು ಕೀಲಿಗೆ ಬೀಳುತ್ತದೆ.

ಕೋಫ್ಯಾಕ್ಸ್ ಬ್ರೂಕ್ಲಿನ್‌ನ ಹುಡುಗ, ಎಡಗೈ ಪಿಚರ್. 19ನೇ ವಯಸ್ಸಿಗೆ, 1955ರಲ್ಲಿ, ಡಾಡ್ಜರ್ಸ್ ತಂಡಕ್ಕೆ ಆಡತೊಡಗಿದರು. ಮೊದಲ ಆರು ವರ್ಷ ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚು: 36 ಗೆಲುವು, 40 ಸೋಲು. 1961ರಲ್ಲಿ ಅವರ ಎಸೆತ ಹಿಡಿಯುವ ಜೊತೆಯ ಕ್ಯಾಚರ್ ನಾರ್ಮ್ ಶೆರಿ, ಅಷ್ಟು ಬಲ ಹಾಕಬೇಡ, ಸ್ವಲ್ಪ ಹಗುರವಾಗಿ ಎಸೆ ಅಂದರಂತೆ. ಅಲ್ಲಿಂದ ಆಟವೇ ಬದಲಾಯಿತು. 1962ರಿಂದ 1966ರವರೆಗೆ 111 ಗೆಲುವು, 34 ಸೋಲು. 1965ರಲ್ಲಿ 382 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಚೆಂಡು ಆಡಲಾಗದೆ ಔಟ್ ಆಗುವಂತೆ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 9ರಂದು ಎದುರಾಳಿಯ ಒಬ್ಬನನ್ನೂ ಮೊದಲ ಬೇಸ್ (ರನ್ ಓಟದ ಮೊದಲ ನಿಲ್ದಾಣ) ಮುಟ್ಟಲು ಬಿಡದೆ ಇಡೀ ಪಂದ್ಯ ಗೆದ್ದರು.

ಇಷ್ಟೆಲ್ಲ ಮಾಡಿದ್ದು ಯಾವ ಕೈಯಿಂದ ಗೊತ್ತೇ? ಆ ಮೊಣಕೈಗೆ ಸಂಧಿವಾತ ಹತ್ತಿದೆ ಅಂತ ತಂಡದ ಡಾಕ್ಟರ್ ರಾಬರ್ಟ್ ಕೆರ್ಲಾನ್ 1964ರಲ್ಲೇ ಹೇಳಿದ್ದರು. ಆಡುವ ಮೊದಲು ಚರ್ಮ ಸುಡುವಂಥ ಮುಲಾಮು. ಆಡಿದ ಮೇಲೆ ಮಂಜುಗಡ್ಡೆ ನೀರಿನಲ್ಲಿ ಅದ್ದಿದ ಕೈ. ನಡುನಡುವೆ ಕಾರ್ಟಿಸೋನ್ ಇಂಜೆಕ್ಷನ್, ನೋವಿನ ಮಾತ್ರೆ. ಕೈ ಪೂರ್ತಿ ನೇರವಾಗುತ್ತಿರಲಿಲ್ಲ, ಕೋಟಿನ ಎಡತೋಳನ್ನು ಗಿಡ್ಡ ಮಾಡಿಸಬೇಕಾಯಿತು. ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, 1965ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯಕ್ಕೆ ಸಿಕ್ಕಿದ್ದು ಬರೀ ಎರಡು ದಿನದ ಬಿಡುವು. ಕೈ ಕೇಳದಿದ್ದಾಗ ತಿರುವಿನ ಎಸೆತ ಬಿಟ್ಟು ಹೆಚ್ಚಾಗಿ ವೇಗದ ಚೆಂಡನ್ನೇ ಎಸೆದರು. ಎದುರಾಳಿಗೆ ಒಂದು ರನ್ನೂ ಸಿಗಲಿಲ್ಲ. ಕೊನೆಯ ವರ್ಷ, 1966ರಲ್ಲಿ, 323 ಇನಿಂಗ್ಸ್ (ಬೇಸ್‌ಬಾಲ್ ಪಂದ್ಯವೊಂದಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು 27 ಪಂದ್ಯ ಗೆದ್ದರು. ನೀವು ಕೇಳುವ ಗಟ್ಟಿತನ ಇದಕ್ಕಿಂತ ಇನ್ನೆಷ್ಟು ಬೇಕು, ಹೇಳಿ.

ಆ ನವೆಂಬರ್‌ನಲ್ಲಿ ಅವರು ಆಟ ನಿಲ್ಲಿಸಿದರು. ಬೇಸ್‌ಬಾಲ್ ಮುಗಿದ ಮೇಲೂ ಬದುಕಲು ತುಂಬಾ ವರ್ಷ ಇದೆ, ಅಷ್ಟೂ ವರ್ಷ ಮೈಯೆಲ್ಲ ಸರಿಯಾಗಿ ಕೆಲಸ ಮಾಡಬೇಕು ಅನ್ನೋದು ಅವರು ಕೊಟ್ಟ ಕಾರಣ. ಅದರಲ್ಲಿ ತಪ್ಪೇನಿದೆ?

ಟಾಮಿ ಜಾನ್ ಅವರ ಲೆಕ್ಕ ಬೇರೆ. ಅವರ ಎಡ ಮೊಣಕೈಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಹರಿದಾಗ ಡಾಕ್ಟರ್ ಫ್ರಾಂಕ್ ಜೋಬ್ ಬಲಗೈಯ ಸ್ನಾಯುರಜ್ಜು ತೆಗೆದು ಅಲ್ಲಿಗೆ ಹೊಲಿದರು. ಅವರ 288 ಗೆಲುವುಗಳಲ್ಲಿ 164 ಅದರ ನಂತರ ಬಂದವು. ಆ ಶಸ್ತ್ರಚಿಕಿತ್ಸೆ ಮೊದಲ ಸಲ ನಡೆದದ್ದು 1974ರಲ್ಲಿ. ಕೋಫ್ಯಾಕ್ಸ್ ಮನೆಗೆ ಹೋಗಿ ಆಗಲೇ ಎಂಟು ವರ್ಷ ಆಗುತ್ತ ಬಂದಿತ್ತು.

ಇನ್ನು ದುಡ್ಡಿನ ಮಾತು. 1965ರಲ್ಲಿ ಡಾಡ್ಜರ್ಸ್ ಮೈದಾನಕ್ಕೆ 25 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಮರುವರ್ಷ ಕೋಫ್ಯಾಕ್ಸ್ ಮತ್ತು ಜೊತೆಗಾರ ಡಾನ್ ಡ್ರೈಸ್‌ಡೇಲ್, ಇಬ್ಬರಿಗೂ ಸೇರಿ ಮೂರು ವರ್ಷಕ್ಕೆ 10 ಲಕ್ಷ ಡಾಲರ್ ಕೊಡಿ ಅಂತ ಅಭ್ಯಾಸಕ್ಕೇ ಹೋಗದೆ ಕೂತರು. ಕೊನೆಗೆ ಆ ವರ್ಷಕ್ಕೆ ಅಂತ ಕೋಫ್ಯಾಕ್ಸ್‌ಗೆ 1,25,000, ಡ್ರೈಸ್‌ಡೇಲ್‌ಗೆ 1,10,000 ಡಾಲರ್ ಸಿಕ್ಕಿತು. ಬೇರೆ ತಂಡಕ್ಕೆ ಹೋಗೋಣ ಅಂದರೆ, ಆಟಗಾರನನ್ನು ಅದೇ ತಂಡಕ್ಕೆ ಕಟ್ಟಿಹಾಕುವ ಒಪ್ಪಂದದ ರಿಸರ್ವ್ ಷರತ್ತು ಬಿಡುತ್ತಿರಲಿಲ್ಲ. ಆಟಗಾರ ಮಾಲೀಕನ ಸೊತ್ತು. ಆ ಕಟ್ಟು ಸಡಿಲವಾದದ್ದು 1975ರ ಡಿಸೆಂಬರ್‌ನಲ್ಲಿ, ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪರವಾಗಿ ತೀರ್ಪು ಬಂದಾಗ. ಅವರಿಬ್ಬರೂ ಪಿಚರ್‌ಗಳೇ. ಯಾವ ತಂಡಕ್ಕೆ ಎಸೆಯಬೇಕು ಅಂತ ಹೇಳುವ ಹಕ್ಕೇ ಇಲ್ಲದ ಕಾಲದಲ್ಲಿ, ಇನ್ನು ಎಸೆಯುವುದಿಲ್ಲ ಅಂತ ಹೇಳುವ ಹಕ್ಕೊಂದು ಕೋಫ್ಯಾಕ್ಸ್ ಕೈಯಲ್ಲಿತ್ತು. ಅದನ್ನು ಬಳಸಿದರು.

ಕುಂಬ್ಳೆ ಅವರ ಆಂಟಿಗಾ ಪಂದ್ಯ ನನಗೂ ಪ್ರಾಣ. 2002ರಲ್ಲಿ ಹಾಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದಿದ್ದನ್ನು ಯಾರು ಮರೆಯುತ್ತಾರೆ? ಆದರೆ ಅದೇ ಕುಂಬ್ಳೆ 2008ರಲ್ಲಿ ದೆಹಲಿ ಟೆಸ್ಟ್‌ನಲ್ಲಿ ಬೆರಳಿಗೆ ಪೆಟ್ಟಾದಾಗ, ಸರಣಿ ಇನ್ನೂ ಮುಗಿದಿರಲಿಲ್ಲ, ಸಾಕು ಅಂದರು. ಆವತ್ತು ಆಡಿದ್ದೂ ಅವರ ತೀರ್ಮಾನ, ಆಮೇಲೆ ಬಿಟ್ಟಿದ್ದೂ ಅವರ ತೀರ್ಮಾನ. ನಾವು ಮಾತ್ರ ಮೊದಲನೆಯದನ್ನೇ ಹಾಡಿ ಹೊಗಳುತ್ತೇವೆ. ನಿಮ್ಮ ಜಿಲ್ಲೆಯ ಜಾವಗಲ್ ಊರಿನ ಹೆಸರು ಹೊತ್ತ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಮಲಗಬೇಕಾಯಿತು. ಅದರ ನೆನಪು ನಮ್ಮಲ್ಲಿ ಎಷ್ಟು ಜನಕ್ಕಿದೆ? ಇಂಜೆಕ್ಷನ್ ತಗೊಂಡು ಆಡಿದ ಅಂತ ಟಿವಿಯವರು ಹೆಮ್ಮೆಯಿಂದ ಹೇಳಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಊರುಗಳ ಕಬಡ್ಡಿ ಆಟಗಾರರನ್ನೇ ನೋಡಿ. ಮಂಡಿ ಹೋದ ಮೇಲೆ ಮಾತಾಡಿಸುವವರೂ ಇರುವುದಿಲ್ಲ.

ನಿಮ್ಮ ಪತ್ರದ ಹಿಂಬದಿಯ ಸಾಲೂ ಓದಿದೆ. ಹತ್ತು ವರ್ಷದ ಮೊಮ್ಮಗ ಕ್ರಿಕೆಟ್ ಶಿಬಿರದಿಂದ ಬಂದು ಕೈ ನೋವು ಅಂತಾನೆ, ತಡೆದುಕೋ ಅಂತ ಹೇಳಿದ್ದೇನೆ ಅಂದಿದ್ದೀರಿ. ಇದಕ್ಕೆ ಮಾತ್ರ ನಿಮ್ಮನ್ನು ಬೈಯಲೇಬೇಕು. ಅಮೆರಿಕದಲ್ಲಿ ಆ ವಯಸ್ಸಿನ ಪಿಚರ್‌ಗೆ ದಿನಕ್ಕೆ 75 ಎಸೆತ ಮೀರಬಾರದು ಅಂತ ಮಾರ್ಗಸೂಚಿ ಇದೆ, ನಡುವೆ ಬಿಡುವಿನ ದಿನಗಳೂ ಇವೆ. ಈ ವಾರವೇ ಅವನನ್ನು ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವರು ಸರಿ ಅನ್ನುವ ತನಕ ಚೆಂಡು ಕೊಡಬೇಡಿ. ಡಾಕ್ಟರ್ ಏನಂದರು ಅಂತ ನನಗೆ ಬರೆಯಿರಿ.