ವ್ಯಾನ್ ರಸ್ತೆಯಲ್ಲಿ, ಕೆಲಸ ಕೆಳಗೆ ತೋಟದಲ್ಲಿ: ರಾಕ್ ಹೇಗಿರಬೇಕು?

ಪ್ರಶ್ನೆ: ನಾನು ಪೆರ್ಲದ ಕಡೆಯವನು. ಪ್ಲಂಬಿಂಗ್, ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಕೆಲಸಕ್ಕೆ ಅಂತ ಮಾರುತಿಯ ಈಕೋ ಕಾರ್ಗೋ ವ್ಯಾನ್ ತೆಗೆದುಕೊಂಡಿದ್ದೇನೆ. ಸಾಮಾನು ಎಲ್ಲ ಗೋಣಿಚೀಲದಲ್ಲೇ ಇದೆ, ಒಂದು ಎಲ್ಬೋ ಬೇಕಾದರೂ ಚೀಲ ಪೂರ್ತಿ ಮಗುಚಬೇಕು. ಎರಡೂ ಬದಿಗೆ, ಮೇಲಿನ ತನಕ ಕಬ್ಬಿಣದ ರಾಕ್ ಮಾಡಿಸೋಣ ಅಂತಿದ್ದೇನೆ. ಸರಿಯಾ?

ಉತ್ತರ: ಎರಡೂ ಬದಿಗೆ ಬೇಡ, ಮೇಲಿನ ತನಕವೂ ಬೇಡ. ನಮ್ಮ ಕಡೆ ಕೆಲಸ ಹೇಗೆ ನಡೆಯುತ್ತದೆ ಅಂತ ಒಮ್ಮೆ ಯೋಚಿಸಿ. ವ್ಯಾನ್ ಮೇಲೆ ರಸ್ತೆಯಲ್ಲಿ ನಿಲ್ಲುತ್ತದೆ. ಬಾವಿ, ಕೆರೆ, ಪಂಪಿನ ಶೆಡ್ಡು ಎಲ್ಲ ಕೆಳಗೆ ಅಡಿಕೆ ತೋಟದಲ್ಲಿ. ಮೆಟ್ಟಿಲು ಇಳಿದು ಹೋದ ಮೇಲೆ ಒಂದು ಬುಶ್ ಕಡಿಮೆ ಬಿತ್ತು ಅಂದರೆ ಮತ್ತೆ ಅಷ್ಟೂ ಹತ್ತಬೇಕು, ಅಲ್ವಾ? ಅದಕ್ಕೇ ನಿಮಗೆ ಬೇಕಾಗಿರುವುದು ಸಾಮಾನು ತುಂಬಿಡುವ ರಾಕ್ ಅಲ್ಲ, ಹೊತ್ತುಕೊಂಡು ಹೋಗುವ ಟ್ರೇಗಳು. ರಾಕ್ ಇರುವುದು ಆ ಟ್ರೇ ಕೂರಿಸಲಿಕ್ಕೆ ಮಾತ್ರ.

ಟ್ರೇ ವಿಂಗಡಿಸುವಾಗ ಎಲ್ಬೋ ಎಲ್ಲ ಒಂದು ಕಡೆ, ಟೀ ಎಲ್ಲ ಒಂದು ಕಡೆ ಅಂತ ಮಾಡಬೇಡಿ. ನೋಡಲಿಕ್ಕೆ ಚಂದ, ಕೆಲಸಕ್ಕೆ ಉಪಯೋಗ ಇಲ್ಲ. ಸೈಜಿನ ಲೆಕ್ಕದಲ್ಲಿ ಇಡಿ. ಮುಕ್ಕಾಲು ಇಂಚಿನ ಟ್ರೇಯಲ್ಲಿ ಮುಕ್ಕಾಲು ಇಂಚಿನ ಎಲ್ಬೋ, ಟೀ, ಕಪ್ಲರ್, ಎಂಡ್ ಕ್ಯಾಪ್, ಬಾಲ್ ವಾಲ್ವ್, ಮತ್ತೆ ಅರ್ಧ ಇಂಚಿಗೆ ಇಳಿಸುವ ರೆಡ್ಯೂಸರ್ ಎಲ್ಲ ಇರಲಿ. ಒಂದು ಇಂಚು, ಒಂದೂಕಾಲು, ಎರಡು, ಹೀಗೆ ಒಂದೊಂದಕ್ಕೂ ಒಂದು. ಒಂದು ಜಾಗದ ಲೈನ್ ಹೆಚ್ಚಾಗಿ ಒಂದೋ ಎರಡೋ ಸೈಜಿನದ್ದೇ ಇರುತ್ತದೆ, ಆ ಟ್ರೇ ಎಳೆದು ಹಿಡಿದುಕೊಂಡು ಇಳಿದರೆ ಆಯಿತು. ಸಿಪಿವಿಸಿ, ಅಂದರೆ ಬಿಸಿನೀರಿನ ಲೈನಿನ ಸಾಮಾನಿಗೆ ಬೇರೆಯೇ ಟ್ರೇ, ಅದನ್ನು ಅಂಟಿಸುವ ಸೊಲ್ಯೂಷನ್ ಕೂಡ ಅದರ ಜೊತೆಗೇ. ಅಳತೆಯೂ ಬೇರೆ, ಅಂಟೂ ಬೇರೆ, ಕತ್ತಲೆಯಲ್ಲಿ ಕೈಗೆ ತಪ್ಪಿದ್ದು ಸಿಕ್ಕಿದರೆ ಜಾಯಿಂಟ್ ಲೀಕ್. ಟೆಫ್ಲಾನ್ ಟೇಪ್, ಹ್ಯಾಕ್ಸಾ ಬ್ಲೇಡು, ಟೆಸ್ಟರ್ ಇರುವ ಚೀಲ ಮಾತ್ರ ಯಾವ ಟ್ರೇಗೂ ಸೇರಬಾರದು, ಅದು ಪ್ರತಿ ಸಲ ಇಳಿಯುತ್ತದೆ.

ಇನ್ನು ರಾಕ್ ಎಲ್ಲಿ? ಈಕೋದಲ್ಲಿ ಎರಡೂ ಬದಿಗೆ ಜಾರುವ ಬಾಗಿಲು ಇದೆ. ಎರಡೂ ಕಡೆ ರಾಕ್ ಹಾಕಿದರೆ ಎರಡೂ ಬಾಗಿಲು ಸುಮ್ನೆ ಹೋಗುತ್ತವೆ, ಮಳೆಯಲ್ಲಿ ಹಿಂದಿನಿಂದ ಹತ್ತಿ ಬಗ್ಗಿಕೊಂಡು ಹುಡುಕಬೇಕು. ಬಲಬದಿಗೆ ಮಾತ್ರ ರಾಕ್ ಮಾಡಿಸಿ. ಎಡಬದಿ ರಸ್ತೆಯ ಅಂಚಿಗೆ ಬರುತ್ತದೆ, ವಾಹನಗಳ ಭಯ ಇಲ್ಲದೆ ನಿಂತು ಕೈ ಹಾಕಬಹುದು. ಹಾಗಾಗಿ ರಾಕಿನ ಮುಖ ಎಡಬಾಗಿಲಿನ ಕಡೆಗೆ ಇರಲಿ, ಮಧ್ಯೆ ಒಂದೂವರೆ ಅಡಿಯಾದರೂ ಖಾಲಿ ಬಿಡಿ. ರಾಕಿನ ಪ್ರತಿ ತಟ್ಟೆಯ ಅಂಚಿಗೆ ಎರಡು ಇಂಚು ಎತ್ತರದ ಪಟ್ಟಿ ಬೇಕೇ ಬೇಕು, ತಟ್ಟೆಯೂ ಸ್ವಲ್ಪ ಗೋಡೆಯ ಕಡೆಗೆ ಓರೆಯಾಗಿರಲಿ, ಇಲ್ಲದಿದ್ದರೆ ನಮ್ಮ ತಿರುವುಗಳಲ್ಲಿ ಟ್ರೇ ನೆಲಕ್ಕೆ ಬರುವುದು ಖಂಡಿತ.

ಮೋಟಾರು, ಪೈಪ್ ರೆಂಚ್, ಚೈನ್ ಪುಲ್ಲಿ ಇವೆಲ್ಲ ಕೆಳಗೆ ನೆಲದಲ್ಲೇ, ಹಿಂದಿನ ಚಕ್ರಕ್ಕಿಂತ ಮುಂದೆ, ಹಗ್ಗ ಇಲ್ಲವೇ ಬೆಲ್ಟ್ ಹಾಕಿ ಬಿಗಿದು. ಭಾರ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರ ಆಗುತ್ತದೆ, ಏರುದಾರಿಯಲ್ಲಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಭಾರ ಮೇಲೆ ಹೋದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಸೀಟಿನ ಹಿಂದೆ ಗಟ್ಟಿ ಜಾಲರಿ ಇಲ್ಲ ಅಂದರೆ ರಾಕಿಗಿಂತ ಮೊದಲು ಅದನ್ನು ಹಾಕಿಸಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಗುದ್ದಿ ನಿಂತರೂ ಒಳಗಿನ ರೆಂಚ್ ಅದೇ ವೇಗದಲ್ಲಿ ನಿಮ್ಮ ಬೆನ್ನ ಕಡೆಗೆ ಬರುತ್ತದೆ. ಇದನ್ನು ದಯವಿಟ್ಟು ನಾಳೆಗೆ ಅಂತ ಇಡಬೇಡಿ.

ಕಾಸು ಕೊಡುವ ಮೊದಲು ಒಂದೆರಡು ವಾರ ರಟ್ಟಿನ ಪೆಟ್ಟಿಗೆ ಇಟ್ಟು ಓಡಿಸಿ ನೋಡಿ. ಯಾವ ಪೆಟ್ಟಿಗೆಗೆ ಜಾಸ್ತಿ ಕೈ ಹೋಗುತ್ತದೋ ಅದು ಸೊಂಟದ ಎತ್ತರಕ್ಕೆ. ಅಷ್ಟೂ ದಿನದಲ್ಲಿ ಮುಟ್ಟದೇ ಇದ್ದದ್ದು ಮನೆಯಲ್ಲೇ ಇರಲಿ.

ಪ್ರಶ್ನೆ: ಮಂಜೇಶ್ವರದಲ್ಲಿ ವಯರಿಂಗ್ ಕೆಲಸ ಮಾಡುತ್ತೇನೆ, ಮನೆ ಸಮುದ್ರದ ಹತ್ತಿರ. ಹಳೇ ಓಮ್ನಿಯಲ್ಲಿದ್ದ ಕಬ್ಬಿಣದ ರಾಕ್ ತುಕ್ಕು ಹಿಡಿದು ಉದುರಿತು. ಈಗ ಏನು ಹಾಕಲಿ? ಗಾಡಿಗೆ ವೆಲ್ಡ್ ಮಾಡಿಸಬಹುದಾ?

ಉತ್ತರ: ಅಲ್ಯೂಮಿನಿಯಂ ಚೌಕ ಪೈಪಿನ ಫ್ರೇಮ್, ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್. ಅಲ್ಯೂಮಿನಿಯಂ ತೂಕ ಕಬ್ಬಿಣದ ಸುಮಾರು ಮೂರನೇ ಒಂದು ಭಾಗ. ಪ್ಲೈ ತೆಗೆದುಕೊಳ್ಳುವಾಗ ಹಲಗೆಯ ಮೇಲೆ ಐಎಸ್ 710 ಅಂತ ಗುರುತು ಇದೆಯಾ ನೋಡಿ, ಅದು ಮರೈನ್ ಪ್ಲೈ. ಕೊಯ್ದ ಅಂಚಿಗೆ ಪೈಂಟ್ ಹಚ್ಚಲು ಮರೆಯಬೇಡಿ, ನೀರು ಒಳಗೆ ಹೋಗುವುದೇ ಅಲ್ಲಿಂದ. 18 ಮಿಲಿಮೀಟರಿನದ್ದು ಬೇಡ, 8 ಅಡಿ 4 ಅಡಿಯ ಒಂದು ಹಲಗೆಯೇ 35 ಕಿಲೋದ ಹತ್ತಿರ ಬರುತ್ತದೆ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಒಟ್ಟು ತೂಕ ಎರಡೂ ಇವೆ. ಅವುಗಳ ವ್ಯತ್ಯಾಸದೊಳಗೇ ನೀವು, ನಿಮ್ಮ ಹುಡುಗ, ರಾಕ್, ಸಾಮಾನು ಎಲ್ಲ ಬರಬೇಕು.

ವೆಲ್ಡಿಂಗ್ ಬೇಡ. ಸುಟ್ಟ ಜಾಗದಲ್ಲಿ ಪೈಂಟ್ ಹೋಗಿ ಅಲ್ಲಿಂದಲೇ ತುಕ್ಕು ಶುರು. ಸ್ಟೇನ್‌ಲೆಸ್ ಬೋಲ್ಟು, ದೊಡ್ಡ ವಾಷರ್ ಹಾಕಿ ಕೂರಿಸಿ. ತೂತು ಕೊರೆಯುವ ಮೊದಲು ಗಾಡಿಯ ಅಡಿಗೆ ಮಲಗಿ ನೋಡಿ, ಪೆಟ್ರೋಲ್ ಟ್ಯಾಂಕು, ಬ್ರೇಕ್ ಲೈನು, ವಯರು ಎಲ್ಲಿ ಹೋಗಿದೆ ಅಂತ. ಕೊರೆದ ತೂತಿಗೆ ಪ್ರೈಮರ್ ಹಚ್ಚಿ. ಗಾಡಿಯ ಬಾಡಿಯನ್ನೇ ಕತ್ತರಿಸುವುದು, ಬದಲಿಸುವುದು ಮಾಡಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಆರ್‌ಟಿಒ ಆಫೀಸಿನಲ್ಲಿ ಕೇಳದೆ ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು. ಅದೇ ಗಾಡಿಯಲ್ಲಿ ಅಡಿಕೆಗೆ ಬಿಡುವ ಮೈಲುತುತ್ತು, ಬೋರ್ಡೋ ದ್ರಾವಣದ ಡ್ರಮ್ ಸಾಗಿಸುವವರಿದ್ದಾರೆ. ತಾಮ್ರದ ಆ ನೀರು ಚೆಲ್ಲಿದರೆ ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಅದಕ್ಕೆ ಬೇರೆ ಗಾಡಿ ನೋಡಿಕೊಳ್ಳಿ.

ಪ್ರಶ್ನೆ: 20 ಅಡಿಯ ಪಿವಿಸಿ ಪೈಪನ್ನು ಈಕೋ ಮೇಲೆ ಕಟ್ಟಿಕೊಂಡು ಹೋಗಬಹುದಾ? – ಮುಳ್ಳೇರಿಯ

ಉತ್ತರ: ಬೇಡ. ಗಾಡಿಯ ಉದ್ದವೇ ಸುಮಾರು 12 ಅಡಿ, ಉಳಿದ 8 ಅಡಿ ಹೊರಗೆ ಚಾಚಿಕೊಳ್ಳುತ್ತದೆ. ದಂಡ ಬೀಳುವುದು ಒಂದು, ಹಿಂದಿನಿಂದ ಬರುವ ಬೈಕಿನವನ ಮುಖಕ್ಕೆ ತಾಗುವುದು ಇನ್ನೊಂದು. ಪೂರ್ತಿ ಪೈಪು ಬೇಕಾದಾಗ ಅಂಗಡಿಯ ಪಿಕಪ್‌ನಲ್ಲೇ ತರಿಸಿ. ರಿಪೇರಿಗೆ ಬೇಕಾಗುವ ತುಂಡುಗಳನ್ನು 10 ಅಡಿಗೆ ಕೊಯ್ದು, 4 ಇಂಚಿನ ಪಿವಿಸಿ ಪೈಪಿನೊಳಗೆ ತೂರಿಸಿ ಕ್ಯಾರಿಯರ್‌ಗೆ ಕಟ್ಟಿ. ಆ ದೊಡ್ಡ ಪೈಪಿನ ಎರಡೂ ತುದಿಗೆ ಕ್ಯಾಪ್, ಅಡಿಗೆ ನೀರು ಇಳಿಯಲು ಸಣ್ಣ ತೂತು. ಎರಡೇ ಕಡೆ ಆಧಾರ ಕೊಟ್ಟರೆ ಬಿಸಿಲಿಗೆ ನಡುವೆ ಬಾಗುತ್ತದೆ, ಮೂರು ಕಡೆ ಕ್ಲಾಂಪ್ ಹಾಕಿ. ಸೊಲ್ಯೂಷನ್ ಡಬ್ಬಿಯನ್ನು ಅದರೊಳಗೆ ಇಡಬೇಡಿ. ಬಿಸಿಲಿಗೆ ಕಾದು ಹಬೆ ಬಂದರೆ ಬೇಗ ಬೆಂಕಿ ಹತ್ತುತ್ತದೆ. ಮುಚ್ಚಳ ಬಿಗಿ ಮಾಡಿ, ಒಳಗೆ ನೆರಳಿರುವ ಕಡೆ, ಕೆಳಗಿನ ತಟ್ಟೆಯಲ್ಲಿ ಇಡಿ.