ದೇವರ ಮೇಲಿನ ನಂಬಿಕೆಯೂ ಆಪ್ತಸಮಾಲೋಚನೆಯೂ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ತಂದೆ ತೀರಿಕೊಂಡು ಏಳು ತಿಂಗಳಾಯಿತು. ನಿದ್ದೆ ಹತ್ತುವುದಿಲ್ಲ, ಪೂಜೆಗೆ ಕೂತರೂ ಮನಸ್ಸು ನಿಲ್ಲುವುದಿಲ್ಲ. ಧರ್ಮದ ಹಿನ್ನೆಲೆಯಲ್ಲೇ ಕೌನ್ಸೆಲಿಂಗ್ ಮಾಡುವವರ ಹತ್ತಿರ ಹೋಗು ಎಂದು ಗೆಳತಿ ಹೇಳುತ್ತಾಳೆ. ಮಠಕ್ಕೆ ಹೋಗಿ ಸ್ವಾಮೀಜಿ ಅಪ್ಪಾವರ ಮುಂದೆ ಹೇಳಿಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಳಗೆ ಹೋದರೆ ಏನು ನಡೆಯುತ್ತದೆ?
– ಶಿಕ್ಷಕಿ, ಕಲಬುರಗಿ

ಮಠದಲ್ಲಿ ನೀವು ಸ್ವಲ್ಪ ಹೇಳಿ ಹೆಚ್ಚು ಕೇಳುತ್ತೀರಿ. ಉಪದೇಶ ಸಿಗುತ್ತದೆ, ಆಶೀರ್ವಾದ ಸಿಗುತ್ತದೆ, ಎದೆ ಹಗುರಾಗುತ್ತದೆ. ಅದಕ್ಕೆ ಅದರದೇ ಬೆಲೆ ಇದೆ. ಆಪ್ತಸಮಾಲೋಚನೆಯಲ್ಲಿ ಮಾತಿನ ಬಹುಪಾಲು ನಿಮ್ಮದು. ಎದುರಿಗೆ ಕೂತವರು ಕೇಳುತ್ತಾರೆ, ಎಳೆ ಹಿಡಿದು ಪ್ರಶ್ನೆ ಹಾಕುತ್ತಾರೆ, ವಾರದಿಂದ ವಾರಕ್ಕೆ ಏನು ಬದಲಾಯಿತು ಎಂದು ಅಳೆಯುತ್ತಾರೆ. ನಂಬಿಕೆ ಆಧಾರಿತ ಸಮಾಲೋಚನೆಯೂ ಇದೇ ಕೆಲಸ. ಇಲ್ಲಿ ನಿಮ್ಮ ದೇವರನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿಲ್ಲ, ಅಷ್ಟೇ.

ಇದರಲ್ಲಿ ಎರಡು ಬಗೆ. ಮನಶ್ಶಾಸ್ತ್ರ ಓದಿ ತರಬೇತಿ ಪಡೆದವರು, ಬಂದವರ ನಂಬಿಕೆಯನ್ನೂ ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು ಒಂದು. ಪಾಸ್ಟರ್, ಮೌಲ್ವಿ, ಸ್ವಾಮೀಜಿಗಳಂಥವರು ಸಮಾಲೋಚನೆಯ ತರಬೇತಿ ಪಡೆದು ಕೂರುವುದು ಇನ್ನೊಂದು. ನೀವು ಹೋಗುತ್ತಿರುವುದು ಯಾರ ಹತ್ತಿರ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಶುಲ್ಕವನ್ನೂ ಆಗಲೇ ಕೇಳಿ.

ಮೊದಲ ಭೇಟಿ 60ರಿಂದ 90 ನಿಮಿಷ ಹಿಡಿಯುತ್ತದೆ. ಮುಂದಿನವು 45–50 ನಿಮಿಷ, ಸಾಮಾನ್ಯವಾಗಿ ವಾರಕ್ಕೊಮ್ಮೆ. ಶುರುವಿನಲ್ಲಿ ಒಪ್ಪಿಗೆ ಪತ್ರ ಓದಿ ಸಹಿ ಹಾಕುತ್ತೀರಿ. ನಿದ್ದೆ, ಊಟ, ತೂಕ, ಥೈರಾಯ್ಡ್, ಬಿಪಿ, ಈಗ ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಕೇಳುತ್ತಾರೆ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೊಡಬಹುದು. ಅದರಲ್ಲಿ ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿದ್ದು, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಖಿನ್ನತೆ ಇದೆಯೇ ಎಂದು ಇನ್ನೂ ವಿವರವಾಗಿ ನೋಡಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಮರ್ಯಾದೆಗೆ ಅಂಜಿ ಅಲ್ಲಿ ಸೊನ್ನೆ ಹಾಕಬೇಡಿ. ನಿಮ್ಮನ್ನು ಕಾಪಾಡುವುದಕ್ಕೇ ಅದನ್ನು ಕೇಳುವುದು.

ನಂತರ ನಂಬಿಕೆಯ ಮಾತು. ನೀವು ಯಾವುದನ್ನು ನಂಬುತ್ತೀರಿ, ಕಷ್ಟದಲ್ಲಿ ಅದು ಎಷ್ಟು ಕೈಹಿಡಿಯುತ್ತದೆ, ಭಜನಾ ಮಂಡಳಿಯಲ್ಲಾಗಲಿ ಚರ್ಚಿನಲ್ಲಾಗಲಿ ನಿಮ್ಮ ಜೊತೆ ನಿಲ್ಲುವವರು ಯಾರಿದ್ದಾರೆ, ಇದನ್ನೆಲ್ಲ ಈ ಕೋಣೆಯೊಳಗೆ ಎಷ್ಟು ತರೋಣ. ಕೊನೆಯ ಪ್ರಶ್ನೆಗೆ ‘ಸದ್ಯ ಬೇಡ’ ಎಂದರೆ ಅವರು ಅಲ್ಲಿಗೇ ನಿಲ್ಲಿಸಬೇಕು. ‘ದೇವರು ಜೊತೆಗಿದ್ದಾನೆ’ ಎಂದು ದುಃಖ ತಡೆದುಕೊಳ್ಳುವವರಿಗೂ ‘ದೇವರು ನನಗೆ ಶಿಕ್ಷೆ ಕೊಟ್ಟ, ಕೈಬಿಟ್ಟ’ ಎಂದು ಒಳಗೇ ಬೇಯುವವರಿಗೂ ತುಂಬ ಅಂತರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಈ ಎರಡನ್ನೂ ಬೇರೆಬೇರೆಯಾಗಿ ಅಳೆದು ತೋರಿಸಿದರು. ಎರಡನೆಯದು ಮನಸ್ಸಿನ ಯಾತನೆಯನ್ನು ಹೆಚ್ಚಿಸುವುದರ ಜೊತೆ ಹೆಣೆದುಕೊಂಡಿರುತ್ತದೆ. ಪೂಜೆಯಲ್ಲಿ ಮನಸ್ಸು ನಿಲ್ಲದಿರುವುದು ಬರೀ ಏಕಾಗ್ರತೆಯ ಕೊರತೆಯೇ, ಅಥವಾ ದೇವರ ಮೇಲಿನ ಸಿಟ್ಟೇ? ಸಿಟ್ಟಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಲು ಬೇಕಾದ ಜಾಗ ಇದು. ‘ಎಲ್ಲ ಅವನಿಚ್ಛೆ’ ಎಂದು ನಿಮ್ಮ ಬಾಯಿ ಮುಚ್ಚಿಸುವ ಸಮಾಲೋಚಕರು ಅವಸರ ಮಾಡುತ್ತಿದ್ದಾರೆ.

ಹೀಗೆ ಬರುವವರಲ್ಲಿ ಅನೇಕರಿಗೆ ‘ಮೊದಲೇ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ದಿದ್ದರೆ ಉಳಿಯುತ್ತಿದ್ದರೇನೋ’ ಎಂಬ ಕೊರಗು ಇರುತ್ತದೆ. ಅದನ್ನು ಬಿಡಿಸಲು ಮನೆಗೆ ಕೆಲಸ ಕೊಡುತ್ತಾರೆ: ತಂದೆಗೆ ಹೇಳದೆ ಉಳಿದದ್ದನ್ನು ಪತ್ರವಾಗಿ ಬರೆಯುವುದು, ಗಂಟೆಗಟ್ಟಲೆ ಕೂತು ಸೋಲುವ ಬದಲು ಪೂಜೆಯನ್ನು 10 ನಿಮಿಷಕ್ಕಿಳಿಸಿ ದಿನವೂ ಒಂದೇ ಹೊತ್ತಿಗೆ ಮಾಡುವುದು, ಮಲಗುವ–ಏಳುವ ಸಮಯ ಬರೆದಿಡುವುದು. 6ರಿಂದ 12 ಭೇಟಿಗಳ ಲೆಕ್ಕ ಇಟ್ಟುಕೊಳ್ಳಿ. ನಾಲ್ಕನೆಯದರ ಹೊತ್ತಿಗೆ ಆ ಪ್ರಶ್ನಾವಳಿಯನ್ನು ಮತ್ತೆ ತುಂಬಿಸಿ ಅಂಕ ಹೋಲಿಸಬೇಕು. ಮೊದಲ ಎರಡು ಮೂರು ಭೇಟಿಗಳ ನಂತರ ಅಳು ಹೆಚ್ಚಾಗುವುದುಂಟು. ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಆಗಲೇ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ಆರು ತಿಂಗಳು ದಾಟಿಯೂ ದಿನದ ಕೆಲಸವನ್ನೇ ಕೆಡಿಸುವ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತದೆ. ನಿಮಗೆ ಏಳು ತಿಂಗಳಾಗಿದೆ. ಇನ್ನು ಮುಂದೂಡಬೇಡಿ.

ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮಾಡಿದ ಮೇಲೆ ಸರಿಯಾಯಿತೋ ಇಲ್ಲವೋ ಎಂಬ ಅನುಮಾನ. ಮತ್ತೆ ಮತ್ತೆ ತೊಳೆಯುತ್ತೇನೆ, ಒಂದೊಂದು ನಮಾಜಿಗೆ ಮುಕ್ಕಾಲು ಗಂಟೆ ನಲ್ಲಿಯ ಮುಂದೆ. ನಮಾಜಿನ ನಡುವೆ ಹೇಳಬಾರದಂಥ ಯೋಚನೆಗಳು ಬರುತ್ತವೆ. ನನ್ನ ಈಮಾನ್ (ನಂಬಿಕೆ) ಕೆಟ್ಟಿದೆಯೇ?
– ವಿದ್ಯಾರ್ಥಿ, ಬೀದರ್

ಕೆಟ್ಟಿಲ್ಲ. ನಂಬಿಕೆ ಇಲ್ಲದವರಿಗೆ ಈ ಯೋಚನೆಗಳಿಂದ ಇಷ್ಟು ಸಂಕಟ ಆಗುವುದೇ ಇಲ್ಲ. ನಿಮ್ಮಲ್ಲಿ ಇದನ್ನು ವಸ್‌ವಸಾ ಎನ್ನುತ್ತಾರೆ. ನೀವು ಬರೆದಷ್ಟು ಹೊತ್ತು ಹಿಡಿಯುವಾಗ ವೈದ್ಯರು ಮೊದಲು ಪರೀಕ್ಷಿಸುವುದು ಒಸಿಡಿ, ಅಂದರೆ ಗೀಳು ಕಾಯಿಲೆಯನ್ನು. ಇದಕ್ಕೆ ಜಾತಿ–ಧರ್ಮದ ಭೇದವಿಲ್ಲ. ಮಡಿ ಕೆಟ್ಟಿತೆಂದು ನಾಲ್ಕು ಸಲ ಸ್ನಾನ ಮಾಡುವವರಲ್ಲೂ, ಜಪದ ಲೆಕ್ಕ ತಪ್ಪಿತೆಂದು ಒಂದರಿಂದ ಶುರು ಮಾಡುವವರಲ್ಲೂ ಸುಳಿ ಇದೇ. ಅನುಮಾನ ಬರುತ್ತದೆ, ಎದೆ ಝಲ್ಲೆನ್ನುತ್ತದೆ, ತೊಳೆದರೆ ಐದು ನಿಮಿಷ ಸಮಾಧಾನ, ಆ ಸಮಾಧಾನವೇ ಮುಂದಿನ ಅನುಮಾನಕ್ಕೆ ನೀರೆರೆಯುತ್ತದೆ. ‘ನನ್ನ ನಮಾಜು ಕಬೂಲಾಯಿತೇ’ ಎಂದು ಇಮಾಮರನ್ನೋ ತಾಯಿಯನ್ನೋ ಪದೇಪದೇ ಕೇಳುವುದೂ ತೊಳೆಯುವುದರ ಇನ್ನೊಂದು ರೂಪ.

ಚಿಕಿತ್ಸೆ ಹೀಗಿರುತ್ತದೆ. ಭಯ ಹುಟ್ಟಿಸುವ ಸಂದರ್ಭಗಳನ್ನೆಲ್ಲ ಪಟ್ಟಿ ಮಾಡಿ 0ರಿಂದ 100ರವರೆಗೆ ಅಂಕ ಕೊಡುತ್ತೀರಿ. 30–40ರ ಮೆಟ್ಟಿಲಿನಿಂದ ಆರಂಭ. ಉದಾಹರಣೆಗೆ, ಪ್ರತಿ ಅಂಗವನ್ನು ಹೆಚ್ಚೆಂದರೆ ಮೂರು ಸಲ ತೊಳೆದು, ಅನುಮಾನ ಉಳಿದಿದ್ದರೂ ನಲ್ಲಿ ನಿಲ್ಲಿಸಿ ಹೊರಟುಬಿಡುವುದು. ಸಂಕಟ ಏರುತ್ತದೆ, ಏನೂ ಮಾಡದೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಇದನ್ನು ದಿನವೂ ಅಭ್ಯಾಸ ಮಾಡಬೇಕು. 12ರಿಂದ 20 ಭೇಟಿಗಳು ಬೇಕಾಗಬಹುದು. ತೀವ್ರವಾಗಿದ್ದರೆ ಮನೋವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ. ಗೀಳಿಗೆ ಆ ಮಾತ್ರೆ ಹಿಡಿಯಲು 8ರಿಂದ 12 ವಾರ ಬೇಕು. ಎರಡನೇ ವಾರಕ್ಕೇ ‘ಉಪಯೋಗ ಇಲ್ಲ’ ಎಂದು ಬಿಡಬೇಡಿ.

ನಂಬಿಕೆ ಅರಿತ ಸಮಾಲೋಚಕರ ಬೆಲೆ ತಿಳಿಯುವುದು ಇಲ್ಲೇ. ‘ಖಚಿತವಾದದ್ದು ಅನುಮಾನದಿಂದ ಅಳಿಯುವುದಿಲ್ಲ’ ಎಂಬುದು ಇಸ್ಲಾಮೀ ಧರ್ಮಶಾಸ್ತ್ರದ ಮೂಲ ಸೂತ್ರಗಳಲ್ಲೊಂದು. ನೀವು ನಂಬುವ ಆಲಿಮರನ್ನು (ಧರ್ಮಪಂಡಿತರನ್ನು) ಒಮ್ಮೆ ಜೊತೆಗೆ ಕೂರಿಸಿಕೊಂಡು, ವುಜೂ ಎಷ್ಟರಲ್ಲಿ ಪೂರ್ಣ ಎಂದು ಅವರ ಬಾಯಿಂದಲೇ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಒಮ್ಮೆ ಮಾತ್ರ. ನಂತರ ಯಾರನ್ನೂ ಕೇಳುವಂತಿಲ್ಲ. ತರಬೇತಿ ಇಲ್ಲದವರು ಎಡವುವುದೂ ಇಲ್ಲೇ: ಕೆಟ್ಟ ಯೋಚನೆ ಬಂದಾಗಲೆಲ್ಲ ಇಷ್ಟು ಸಲ ಜಿಕ್ರ್ (ದೇವರ ನಾಮಸ್ಮರಣೆ) ಮಾಡು ಎನ್ನುತ್ತಾರೆ. ಎರಡು ವಾರದಲ್ಲಿ ಆ ಎಣಿಕೆಯೇ ಹೊಸ ಗೀಳಾಗುತ್ತದೆ.

ಇಲ್ಲೊಬ್ಬರು ಕೌನ್ಸೆಲಿಂಗ್ ಮಾಡುತ್ತಾರೆ. ವಾರದ ಪ್ರಾರ್ಥನೆಗೆ ಬಂದರೆ ಮಾತ್ರ ಮುಂದಿನ ಭೇಟಿ, ನಂಬಿಕೆ ಗಟ್ಟಿಯಾದರೆ ಮಾತ್ರೆ ಬೇಕಿಲ್ಲ ಎನ್ನುತ್ತಾರೆ. ಹೋಗಲೇ?
– ವ್ಯಾಪಾರಿ, ಯಾದಗಿರಿ

ಹೋಗಬೇಡಿ. ಆ ಕೋಣೆಯಲ್ಲಿ ಲೆಕ್ಕಕ್ಕೆ ಬರಬೇಕಾದದ್ದು ನಿಮ್ಮ ನಂಬಿಕೆ. ಅವರದನ್ನು ನಿಮ್ಮ ಮೇಲೆ ಹೇರಿದ ಕ್ಷಣ ಅದು ಚಿಕಿತ್ಸೆಯಾಗಿ ಉಳಿಯುವುದಿಲ್ಲ. ಮಾತ್ರೆ ನಿಲ್ಲಿಸು ಎನ್ನುವ ಅಧಿಕಾರ ಸಮಾಲೋಚಕರಿಗೆ ಇಲ್ಲವೇ ಇಲ್ಲ, ಅದು ಬರೆದುಕೊಟ್ಟ ವೈದ್ಯರ ಕೆಲಸ. ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರಳಬಹುದು. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸಿ, ನಂತರ ಮೆಲ್ಲಗೆ ಇಳಿಸುತ್ತಾರೆ. ಯಾರ ಹತ್ತಿರ ಹೋದರೂ ಓದು ಏನು, ತರಬೇತಿ ಎಲ್ಲಿ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಇದನ್ನು ಕೇಳುವುದು ಅಗೌರವ ಅಲ್ಲ.

ಮಗಳಿಗೆ 19 ವರ್ಷ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎನ್ನುತ್ತಾಳೆ. ಸರಕಾರಿ ದವಾಖಾನೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ. ಇದು ಗಾಳಿ ಸೋಂಕು, ಗಾಣಗಾಪುರದಲ್ಲಿ ಎರಡು ತಿಂಗಳು ಸೇವೆಗೆ ಇಡಿ, ಆಮೇಲೆ ಕೌನ್ಸೆಲಿಂಗ್ ಸಾಕು ಎನ್ನುತ್ತಾರೆ ಹಿರಿಯರು.
– ತಾಯಿ, ಆಳಂದ ತಾಲ್ಲೂಕು

ಗಾಣಗಾಪುರಕ್ಕೆ ಹೋಗಿ, ದತ್ತನಿಗೆ ನಡೆದುಕೊಳ್ಳಿ. ಮಾತ್ರೆಯೂ ಜೊತೆಗೇ ಹೋಗಲಿ. ಇಲ್ಲದ ಮಾತು ಕೇಳಿಸುವ ಕಾಯಿಲೆಗೆ ಬರೀ ಮಾತಿನ ಚಿಕಿತ್ಸೆ ಸಾಲದು, ಅದು ನಂಬಿಕೆ ಆಧಾರಿತವಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಔಷಧಿ ತಡವಾದಷ್ಟೂ ಗುಣವಾಗುವುದು ಕಷ್ಟ. ಎರಡು ತಿಂಗಳು ದೊಡ್ಡ ಕಾಲ. ಸಮಾಲೋಚನೆಯ ಕೆಲಸ ಆಮೇಲೆ ಬರುತ್ತದೆ: ಕಾಯಿಲೆ ಅರ್ಥಮಾಡಿಕೊಳ್ಳಲು, ಓದಿಗೆ ಮರಳಲು, ಮನೆಯವರು ಅವಳ ಜೊತೆ ಹೇಗೆ ಮಾತಾಡಬೇಕೆಂದು ಕಲಿಯಲು.

ದವಾ ಮತ್ತು ದುವಾ, ಅಂದರೆ ಔಷಧಿ ಮತ್ತು ಪ್ರಾರ್ಥನೆ, ಒಟ್ಟಿಗೆ ನಡೆಯಬಹುದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಅದನ್ನು ನೋಡಿಕೊಳ್ಳುವ ಮುಜಾವರರೇ ಕಾಯಿಲೆಯವರನ್ನು ಗುರುತಿಸಿ ಮನೋವೈದ್ಯರ ಹತ್ತಿರ ಕಳಿಸುವ ವ್ಯವಸ್ಥೆ ಬೆಳೆಯಿತು. ಹಾಗಾಗದ ಕಡೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ದರ್ಗಾ ಊರು ಎರವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿನ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಕಾಯಿಲೆಯವರು ಓಡಲಾಗದೆ 28 ಮಂದಿ ಸತ್ತರು. ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಕರ್ನಾಟಕದ ಮಾಟ–ಅಮಾನುಷ ಆಚರಣೆ ತಡೆ ಕಾಯ್ದೆಯಡಿ ಅಪರಾಧ. ಪ್ರದಕ್ಷಿಣೆ, ಯಾತ್ರೆಗೆ ಆ ಕಾಯ್ದೆಯ ಅಡ್ಡಿಯಿಲ್ಲ.

ಹೋಗುವಾಗ ವೈದ್ಯರ ಚೀಟಿಯ ಪ್ರತಿ ಮತ್ತು ಒಂದು ವಾರಕ್ಕೆ ಹೆಚ್ಚುವರಿ ಮಾತ್ರೆ ಇರಲಿ. ಕೆಲವು ಮಾತ್ರೆಗಳಿಂದ ಮಂಪರು ಬರುವುದರಿಂದ ಭೀಮಾ–ಅಮರ್ಜಾ ಸಂಗಮದಲ್ಲಿ ಅವಳೊಬ್ಬಳನ್ನೇ ನೀರಿಗಿಳಿಸಬೇಡಿ. ಉಪವಾಸದ ವಿಷಯ ವೈದ್ಯರ ಹತ್ತಿರ ಮೊದಲೇ ಮಾತಾಡಿ. ಮಾತ್ರೆಗಳಲ್ಲಿ ಲಿಥಿಯಂ ಇದ್ದರೆ ಇದು ಇನ್ನೂ ಮುಖ್ಯ: ನಮ್ಮ ಬೇಸಿಗೆಯಲ್ಲಿ ನೀರು ಕುಡಿಯದೆ ಇದ್ದರೆ ರಕ್ತದಲ್ಲಿ ಅದರ ಪ್ರಮಾಣ ವಿಷದ ಮಟ್ಟಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ–ಭೇದಿ, ನಡಿಗೆ ತೂರಾಡುವುದು ಕಂಡರೆ ತಕ್ಷಣ ದವಾಖಾನೆಗೆ ಹೋಗಬೇಕು. ರಂಜಾನ್ ರೋಜಾ ಇಡುವವರಿಗೂ ಇದೇ ಮಾತು.

ಪಾಸ್ಟರ್ ನಮ್ಮ ಮನೆಯವರಿಗೆಲ್ಲ ಆಪ್ತರು. ಅವರ ಮುಂದೆ ಹೇಳಿದ್ದು ಮನೆಗೆ ಮುಟ್ಟುತ್ತದೆಯೇ?
– ಗೃಹಿಣಿ, ಶಹಾಪುರ

ಮೊದಲ ದಿನವೇ ಅವರನ್ನು ಕೇಳಿ ಸ್ಪಷ್ಟ ಮಾಡಿಕೊಳ್ಳಿ. ಮಾನಸಿಕ ಆರೋಗ್ಯ ವೃತ್ತಿಪರರನ್ನು 2017ರ ಕಾಯ್ದೆಯ 23ನೇ ಕಲಂ ಗುಟ್ಟು ಕಾಯಲು ಕಟ್ಟಿಹಾಕುತ್ತದೆ. ಧರ್ಮಗುರುಗಳನ್ನು ಕಟ್ಟಿಹಾಕುವುದು ಅವರವರ ಪರಂಪರೆಯ ಶಿಸ್ತು. ಎಲ್ಲರಿಗೂ ಅನ್ವಯಿಸುವ ಮಿತಿಗಳೂ ಇವೆ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಪಾಸ್ಟರ್ ಆದರೂ ಅಷ್ಟೇ.

ಇಡೀ ಕುಟುಂಬಕ್ಕೆ ಬೇಕಾದವರು ಒಬ್ಬರ ಗುಟ್ಟಿನ ಸಮಾಲೋಚಕರಾಗುವುದು ಅವರಿಗೂ ಕಷ್ಟ. ಗಂಡ, ಅತ್ತೆಯ ವಿಷಯವೇ ಇದ್ದರೆ ಬೇರೆ ಊರಿನವರನ್ನು ನೋಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಎಲ್ಲಿದೆ ಎಂದು ಚೀಟಿ ಮಾಡಿಸುವ ಕಡೆ ಕೇಳಬಹುದು. ಹೊರಗೆ ಹೋಗಲಾಗದಿದ್ದರೆ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಮಾತಾಡುತ್ತಾರೆ. ಮನೆಯಲ್ಲಿ ಎಲ್ಲರೂ ಇರುವಾಗ ಬೇಡ, ನೀವೊಬ್ಬರೇ ಇರುವ ಹೊತ್ತು ನೋಡಿಕೊಂಡು ಮಾಡಿ.