ಅಜ್ಜನ ಜಿಪ್ಸಿ, ಮೊಮ್ಮಗನ ರ‍್ಯಾಲಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಾವನವರು ಕಾರ್ ರ‍್ಯಾಲಿ ಓಡಿಸಿದವರು. ಅವರ ಮಾತು ಕೇಳಿ ಬೆಳೆದ ನನ್ನ ಮಗನಿಗೂ ಅದೇ ಹುಚ್ಚು. ಈಗ 16 ವರ್ಷ, ತೋಟದೊಳಗೆ ಜೀಪು ಚೆನ್ನಾಗಿ ಓಡಿಸುತ್ತಾನೆ. ಎಲ್ಲಿಂದ ಶುರು ಮಾಡಿಸಲಿ?
– ಓದುಗರು, ಅಮ್ಮತ್ತಿ

ಉತ್ತರ: ನ್ಯಾವಿಗೇಟರ್ (ಪಕ್ಕದಲ್ಲಿ ಕುಳಿತು ದಾರಿ, ಸಮಯದ ಲೆಕ್ಕ ಹೇಳುವವನು) ಸೀಟಿನಿಂದ. ತೋಟದ ಗೇಟು ದಾಟಿ ಅವನು ರಸ್ತೆಗಿಳಿದು ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು. 25 ತುಂಬುವವರೆಗೆ ಅವನಿಗೆ ಲೈಸೆನ್ಸೂ ಸಿಗದು. ಲೈಸೆನ್ಸ್ ಇಲ್ಲದೆ ರ‍್ಯಾಲಿ ಕಾರು ಓಡಿಸುವ ಮಾತೇ ಇಲ್ಲ.

ಕಾರು ನೀವು ಓಡಿಸಿ, ಲೆಕ್ಕ ಅವನು ಹೇಳಲಿ. ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟನ್ಸ್, ಅಂದರೆ ಸಮಯ-ವೇಗ-ದೂರ) ರ‍್ಯಾಲಿಯಲ್ಲಿ ಗೆಲ್ಲಿಸುವುದು ವೇಗವಲ್ಲ, ಕೊಟ್ಟ ಸರಾಸರಿಗೆ ಸೆಕೆಂಡು ತಪ್ಪದೆ ತಲುಪುವ ಲೆಕ್ಕ. ಬೇಗ ಬಂದರೂ ದಂಡ, ತಡವಾದರೂ ದಂಡ. ಗಂಟೆಗೆ 36 ಕಿ.ಮೀ. ಸರಾಸರಿ ಎಂದರೆ ಕಿಲೋಮೀಟರಿಗೆ 100 ಸೆಕೆಂಡು, 7.5 ಕಿ.ಮೀ.ಗೆ 12 ನಿಮಿಷ 30 ಸೆಕೆಂಡು. ಇಂಥ ಕೋಷ್ಟಕವನ್ನು ಗಂಟೆಗೆ 24ರಿಂದ 45 ಕಿ.ಮೀ. ಸರಾಸರಿಯವರೆಗೆ ಅವನೇ ಕೈಯಾರೆ ಬರೆದುಕೊಳ್ಳಲಿ. ಆ್ಯಪ್ ಆಮೇಲೆ ಸಾಕು.

ಹೊಸಬರು ಎಡವುವುದು ಮೀಟರಿನಲ್ಲಿ. ರೋಡ್‌ ಬುಕ್ಕಿನಲ್ಲಿ (ಆಯೋಜಕರು ಕೊಡುವ ದಾರಿ-ದೂರದ ಪುಸ್ತಕ) 10.00 ಕಿ.ಮೀ. ಇರುವ ಕಡೆ ನಿಮ್ಮ ಟ್ರಿಪ್ ಮೀಟರ್ 10.30 ತೋರಿಸಿದರೆ, ಪುಸ್ತಕದ ಪ್ರತಿ ದೂರವನ್ನೂ 1.03ರಿಂದ ಗುಣಿಸಿ ಓದಬೇಕು. ಗುಣಿಸದಿದ್ದರೆ ಇದೇ 36ರ ಸರಾಸರಿಯಲ್ಲಿ ಹತ್ತು ಕಿಲೋಮೀಟರಿಗೆ 30 ಸೆಕೆಂಡು ತಡ. ಟಯರ್ ಸವೆದಿದ್ದರೆ ಚಕ್ರ ಹೆಚ್ಚು ಸುತ್ತುತ್ತದೆ, ಮೀಟರೂ ಹೆಚ್ಚು ತೋರಿಸುತ್ತದೆ. ನಮ್ಮ ಮಳೆಗಾಲದ ಕೆಸರಿನಲ್ಲಿ ಚಕ್ರ ನಿಂತಲ್ಲೇ ತಿರುಗಿದರಂತೂ ಕೇಳುವುದೇ ಬೇಡ. ಪುಸ್ತಕದಲ್ಲಿ ಕಾಣುವ ಮುಂದಿನ ಸೇತುವೆಯೋ ಕವಲೋ ಸಿಕ್ಕ ಕೂಡಲೇ ಲೆಕ್ಕ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಅಜ್ಜನ ಮಾರುತಿ ಜಿಪ್ಸಿ ಜೀಪು ಆರು ವರ್ಷದಿಂದ ಶೆಡ್ಡಿನಲ್ಲಿದೆ. ಮತ್ತೆ ಓಡಿಸುವ ಆಸೆ. ಮೊದಲು ಏನು ನೋಡಲಿ?
– ಓದುಗರು, ಪೊನ್ನಂಪೇಟೆ

ಉತ್ತರ: ಕೀಲಿ ತಿರುಗಿಸಬೇಡಿ. ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ, ಟೈಮಿಂಗ್ ಬೆಲ್ಟ್ ಬದಲಿಸಿ, ಇಲಿ ಕಡಿದ ವೈರಿದೆಯೇ ನೋಡಿ. ಆ್ಯಕ್ಸಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಅದ್ದಿ: ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿ ಆ್ಯಕ್ಸಲ್ ತೋಡಿನ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಕಿಂಡಿ) ಅಥವಾ ಸವೆದ ಸೀಲಿನ ಮೂಲಕ ನೀರೆಳೆದುಕೊಳ್ಳುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಾಕುಟ್ಟ ಘಾಟಿಯ ಇಳಿಜಾರಿನಲ್ಲಿ ಅದು ಕುದ್ದು ಗುಳ್ಳೆ ಕಟ್ಟಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಪೂರ್ತಿ ಬದಲಿಸಿ, ಪೆಡಲಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಬ್ಲೀಡ್ ಮಾಡಿಸಿ (ಪೈಪಿನೊಳಗಿನ ಗಾಳಿ ತೆಗೆಸಿ).

ಪ್ರಶ್ನೆ: ರೋಲ್ ಕೇಜ್ (ಗಾಡಿ ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಕಂಬಿಗಳ ಚೌಕಟ್ಟು) ಅನ್ನು ನೀರಿನ ಪೈಪಿನಲ್ಲಿ ಮಾಡಿಸಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಖಂಡಿತ ಬೇಡ. ಪಲ್ಟಿಯಾದಾಗ ಅಂಥ ಪೈಪು ಬೆಸುಗೆಯ ಗೆರೆಯಲ್ಲೇ ಸೀಳುವ ಅಪಾಯವಿದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಬೆಸುಗೆಯ ಗೆರೆಯಿಲ್ಲದ) ಉಕ್ಕು, ಮುಖ್ಯ ಕಮಾನಿಗೆ ಕನಿಷ್ಠ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ ಇರಬೇಕು. ಹೆಲ್ಮೆಟ್ ಇಲ್ಲದೆ ದಿನಬಳಕೆಗೆ ಓಡಿಸುವ ಗಾಡಿಗಾದರೆ ಕೇಜೇ ಬೇಡ, ಸಣ್ಣ ಅಪಘಾತದಲ್ಲೂ ಬರಿತಲೆ ಕಂಬಿಗೆ ಬಡಿಯುತ್ತದೆ.